ಬೀದಿಗಿಳಿಯದೆ ಕೊಡುವ ಉತ್ತರ

“ಪಾಪನಿವೇದನೆಯನ್ನೇ ಕಾಮಿಡಿ ಮಾಡಿಬಿಟ್ಟರು. ತೆರೆಯ ಮೇಲಿನ ಕುಡುಕನ ಕೊರಳಲ್ಲಿ ಶಿಲುಬೆ ತೂಗಲೇಬೇಕು. ಇನ್ನೂ ಸುಮ್ಮನಿರಬೇಕೇ? ಇಂಥ ಚಿತ್ರ ನಿಲ್ಲಿಸಬೇಕು” ಎಂದು ನಮ್ಮ ಆಯನೂರು ಕಡೆಯ ಕ್ರೈಸ್ತ ಬಂಧುಗಳು ಕೆಲವರು ಹೇಳುವುದುಂಟು. ಅವರ ನೋವು ನನ್ನದೂ ಹೌದು. ದಾರಿಯನ್ನು ಮಾತ್ರ ಒಪ್ಪಲಾರೆ.

2006ರಲ್ಲಿ ‘ದ ಡಾ ವಿಂಚಿ ಕೋಡ್’ ಚಿತ್ರ ಬಂದಾಗ ತಮಿಳುನಾಡು, ಆಂಧ್ರಪ್ರದೇಶ ಸರ್ಕಾರಗಳು ಅದನ್ನು ನಿಷೇಧಿಸಿದವು. ಎರಡೂ ಕಡೆ ಹೈಕೋರ್ಟು ನಿಷೇಧವನ್ನು ರದ್ದುಮಾಡಿತು. ಉಳಿದುಕೊಂಡದ್ದು, ಇದು ಕಟ್ಟುಕಥೆ ಎಂದು ತೆರೆಯ ಮೇಲೆ ತೋರಿಸಬೇಕೆಂದು ಸೆನ್ಸಾರ್ ಮಂಡಳಿ ಹಾಕಿದ ಷರತ್ತು.

“ಬೇರೆಯವರು ಗಲಾಟೆ ಮಾಡಿ ಗೆಲ್ಲುವುದಿಲ್ಲವೇ?” ಗೆಲ್ಲಬಹುದು. ಆದರೆ 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಪ್ರಾರ್ಥನಾಲಯಕ್ಕೆ ಗುಂಪು ನುಗ್ಗಿ ಶಿಲುಬೆ ಒಡೆದಾಗ ನಾವು ಮೊರೆಹೋದದ್ದು ಕಾನೂನಿಗೆ. ಥಿಯೇಟರಿನ ಗಾಜು ಒಡೆದ ಕೈಯಲ್ಲಿ ಮತ್ತೆ ಅಂಥ ಅರ್ಜಿ ಹಿಡಿಯಲಾದೀತೇ?

ಇನ್ನು, “ತಮಾಷೆ ಕಣ್ರೀ, ಅಷ್ಟಕ್ಕೇ ಮುನಿಸೇ?” ಎನ್ನುವ ಚಿತ್ರಪ್ರೇಮಿಗಳಿಗೆ. ಫಾದರ್ ಪ್ರಸಂಗ ಉದ್ದವಾಯಿತೆಂದು ನಕ್ಕರೆ ನಾನೂ ನಗುತ್ತೇನೆ. ಪಾಪನಿವೇದನೆ ಹಾಗಲ್ಲ. ಅಲ್ಲಿ ಮೊಣಕಾಲೂರಿದವರು ಮನೆಯವರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಾರೆ. ಕೇಳಿಸಿಕೊಂಡ ಗುರು ಪ್ರಾಣ ಹೋದರೂ ಅದನ್ನು ಹೊರಗೆಡಹುವಂತಿಲ್ಲ. ಪಾಪನಿವೇದನೆಯನ್ನು ಪರದೆಯ ಹಿಂದಿನ ಚಾಡಿಮಾತೆಂದು ತೋರಿಸುವುದು ಸುಳ್ಳು, ಆ ಸುಳ್ಳನ್ನು ಹೆಸರಿಟ್ಟು ಹೇಳಬೇಕು. ಅದಕ್ಕೆ ದಾರಿಯೂ ಇದೆ: ಓಟಿಟಿ ಸಂಸ್ಥೆಗಳಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಯಾವ ದೃಶ್ಯ, ಎಷ್ಟನೇ ನಿಮಿಷ, ತಪ್ಪೇನು ಎಂದು ಸಹಿಹಾಕಿ ಬರೆಯೋಣ. ಬೈಗುಳ ಬೇಡ. ನಂಬಿಕೆಯ ಬಗ್ಗೆ ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರಿಸಿರೆಂದು ಸಂತ ಪೇತ್ರರು ಬರೆದದ್ದು ಹಿಂಸೆ ಅನುಭವಿಸುತ್ತಿದ್ದವರಿಗೇ.

“ಸಿನಿಮಾವೇ ಪಾಪ, ಟೀವಿ ಆರಿಸಿ ಪ್ರಾರ್ಥನೆ ಮಾಡಿ” ಎನ್ನುವ ಭಕ್ತರ ಜೊತೆಗೇ ನನಗೆ ಹೆಚ್ಚಿನ ಜಗಳ. ಆಯನೂರಿನ ಮೇಲೆ ಹಾದುಹೋಗುವ ರಸ್ತೆ ಹಿಡಿದು ಹೋದರೆ ಸಿಗುವ ಸಾಗರದಲ್ಲಿ ಸಾಹಿತಿ ನಾ. ಡಿಸೋಜ ಇದ್ದರು. ‘ದ್ವೀಪ’ ಕಾದಂಬರಿಯಲ್ಲಿ ಅವರು ಬರೆದದ್ದು ಶರಾವತಿಯ ಮುಳುಗಡೆ ನೀರು ಅಂಗಳಕ್ಕೆ ಏರುತ್ತಿದ್ದರೂ ಮನೆ ಬಿಡಲಾಗದ ಗಣಪಯ್ಯ, ನಾಗವೇಣಿಯರ ಕಥೆ. ಕ್ರೈಸ್ತ ಲೇಖಕ, ಹಿಂದೂ ಮನೆ. ಆ ಮನೆಯವರ ದೇವರು, ಭಯ, ಹಟ ಯಾವುದನ್ನೂ ಅವರು ಹಗುರ ಮಾಡಲಿಲ್ಲ. ಗಿರೀಶ್ ಕಾಸರವಳ್ಳಿ ಅದನ್ನು ತೆರೆಗೆ ತಂದಾಗ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರೇ ಅಧ್ಯಕ್ಷರು. ನಮ್ಮ ನಂಬಿಕೆಗೆ ಚಿತ್ರರಂಗದವರು ತೋರಬೇಕೆಂದು ನಾವು ಬಯಸುವ ಗೌರವವನ್ನು ಅವರು ನೆರೆಯವರಿಗೆ ತೋರಿಸಿದ್ದರು. ಸಿನಿಮಾ ಮುಟ್ಟಬಾರದೆಂದು ಕೂತಿದ್ದರೆ ಇದು ಆಗುತ್ತಿತ್ತೇ?

ಪ್ರತಿಭಟನೆಯ ಬ್ಯಾನರಿಗೆಂದು ಎತ್ತುವ ಚಂದಾದಲ್ಲಿ ಒಂದು ಕಿರುಚಿತ್ರ ಶುರುಮಾಡಬಹುದು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ, ಮಸಿ ತೊಳೆದುಕೊಂಡು ಬೆಳಗಿನ ಪೂಜೆಗೆ ಬರುತ್ತಿದ್ದ ಒಬ್ಬ ಕ್ರೈಸ್ತನ ಕಥೆಯನ್ನು ನಮ್ಮ ಹುಡುಗ ಹುಡುಗಿಯರು ಈ ವರ್ಷವೇ ಬರೆಯಲಿ.