ಪರಭಾಷೆಯ ಪಟ್ಟಣದಲ್ಲಿ ಕಾಲ್ನಡಿಗೆ

ಪರದೇಶದ ಪಟ್ಟಣಕ್ಕೆ ಹೋಗಿ, ಅಲ್ಲಿಯ ಭಾಷೆಯ ಒಂದಕ್ಷರವೂ ಬಾರದಿದ್ದರೂ ದಿನವೆಲ್ಲ ಕಾಲ್ನಡಿಗೆಯಿಂದ ಓಣಿ ಓಣಿ ಸುತ್ತುವದು ಈಚೆಗೆ ನಮ್ಮ ತರುಣರಲ್ಲಿ ಒಂದು ಹವ್ಯಾಸವಾಗಿದೆ. ಟೋಕಿಯೋದಲ್ಲಿ ಹೀಗೆ ಅಲೆದವರು, ಪ್ಯಾರಿಸಿನಲ್ಲಿ ದಾರಿ ತಪ್ಪಿದವರು ತಿರುಗಿ ಬಂದು ಅದನ್ನು ಸಾಹಸವೆಂದು ಬಣ್ಣಿಸುತ್ತಾರೆ; ನಾವೂ ಆದರದಿಂದ ಕೇಳುತ್ತೇವೆ. ಅವರ ಸಂತೋಷಕ್ಕೆ ಭಂಗ ತರುವ ಇಚ್ಛೆಯು ನಮಗಿಲ್ಲ. ಆದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಜನರಿಗೆ ಈ ಸಾಹಸವು ಹೊಸತೆಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ನಾವು ಒಪ್ಪಲಾರೆವು. ನಮ್ಮ ಅಜ್ಜಂದಿರು ಇದನ್ನೇ ಮಾಡಿದರು. ಮಾಡಿದುದು ಹವ್ಯಾಸಕ್ಕಾಗಿ ಅಲ್ಲ, ಹೊಲದ ದಾವೆಗಾಗಿ.

ನೂರಕ್ಕೂ ಮಿಕ್ಕಿದ ವರ್ಷ ಧಾರವಾಡ ಜಿಲ್ಲೆಯು ಮುಂಬಯಿ ಸರಕಾರದ ಆಡಳಿತದಲ್ಲಿದ್ದಿತು. 1956ರ ನವಂಬರ 1ರಂದು ಆ ಸಂಬಂಧವು ಕಡಿಯಿತು. ಹಾನಗಲ್ಲು ಅಂದಿಗೂ ತಾಲೂಕೇ. ಶಿಗ್ಗಾಂವಿಯ ತಾಲೂಕಿಗೆ ಆಗ ಬಂಕಾಪುರದ ಹೆಸರಿದ್ದಿತು, ಹಿರೇಕೆರೂರಿನದಕ್ಕೆ ಕೋಡದ ಹೆಸರು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಅದೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹೀಗಾಗಿ ಈ ಸೀಮೆಯ ರೈತನಿಗೆ ಆಳುವ ಸರಕಾರವೂ ಮುಂಬಯಿಯಲ್ಲಿ, ಕಟ್ಟಕಡೆಯ ಅಪೀಲನ್ನು ಕೇಳುವ ಹಾಯಕೋರ್ಟೂ ಮುಂಬಯಿಯಲ್ಲಿ. ಆ ಪಟ್ಟಣದ ಬೀದಿಯಲ್ಲಿ ಮರಾಠಿ, ಗುಜರಾಥಿ, ಹಿಂದುಸ್ತಾನಿ, ಕೋರ್ಟಿನಲ್ಲಿ ಇಂಗ್ಲಿಷು, ಕನ್ನಡವು ಎಲ್ಲಿಯೂ ಇಲ್ಲ. ನಕಾಶೆಯಲ್ಲಿ ಅದು ಅವನದೇ ರಾಜಧಾನಿ, ಕಿವಿಗೆ ಅದು ಪರದೇಶ. ಇದಕ್ಕೆ ವ್ಯತಿರಿಕ್ತವಾಗಿ, 1961ರ ವರೆಗೆ ಪೋರ್ತುಗೀಜರ ಕೈಯಲ್ಲಿದ್ದು ನಿಜವಾಗಿಯೂ ಪರದೇಶವೆನಿಸಿದ ಗೋವೆಯು ಲೋಂಡೆಯ ಹಾದಿಯಲ್ಲಿ ಎಷ್ಟೋ ಹತ್ತಿರದಲ್ಲಿದ್ದಿತು. ಕ್ಯಾಸಲರಾಕಿನ ಘಟ್ಟ ಇಳಿದರೆ ಪರರಾಜ್ಯ. ಸ್ವಂತ ರಾಜಧಾನಿಗಿಂತ ಪರರಾಜ್ಯವೇ ಸಮೀಪವೆಂಬ ವಿಚಿತ್ರವನ್ನು ನಮ್ಮ ಹಿರಿಯರು ನಗುನಗುತ್ತ ಅನುಭವಿಸಿದರು.

ಅವರ ಆ ಮುಂಬಯಿಯ ಪ್ರಯಾಣವನ್ನು ನಾವು ಸ್ವಲ್ಪ ಕಲ್ಪಿಸಿಕೊಳ್ಳೋಣ. ಚಕ್ಕಡಿಯಲ್ಲಿ ಹಾವೇರಿಯ ಸ್ಟೇಶನ್ನಿಗೆ ಬಂದು, ಉಗಿಬಂಡಿ ಹತ್ತಿ, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಮೀಟರ್ ಗೇಜಿನ ಹಳಿಯು ಪುಣೆಯಲ್ಲಿ ಮುಗಿದುದರಿಂದ ಅಲ್ಲಿ ಮತ್ತೆ ಇಳಿದು ದೊಡ್ಡ ಗಾಡಿ ಹತ್ತಿ, ಬುತ್ತಿಯ ಗಂಟು ಬರಿದಾಗುವ ಹೊತ್ತಿಗೆ ಬೋರಿಬಂದರದ ನಿಲ್ದಾಣದಲ್ಲಿ ಇಳಿಯಬೇಕು. ಊರಿನ ಪಂಚಾಯತಿಯಲ್ಲಿ ಗಟ್ಟಿಯಾಗಿ ಮಾತನಾಡುವ ಮನುಷ್ಯನು ಆ ಬಾಗಿಲು ದಾಟಿದೊಡನೆ ಮೂಕನಾಗುತ್ತಾನೆ. ಕುದುರೆಗಾಡಿಯವನೊಡನೆ ದರ ಮಾತಾಡಲು ಬಾಯಿಲ್ಲ. ಆದುದರಿಂದ ನಡೆಯುವದೇ ಲೇಸು. ಇಂದು ದಾದಾಭಾಯಿ ನವರೋಜಿಯವರ ಹೆಸರಿನಿಂದ ಕರೆಯಲ್ಪಡುವ ಹಾರ್ನ್‌ಬಿ ರಸ್ತೆಯನ್ನು ಹಿಡಿದು ನೆಟ್ಟಗೆ ನಡೆದರೆ ಕಾರಂಜಿಯ ಚೌಕವು ಬರುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ 280 ಅಡಿ ಎತ್ತರದ ರಾಜಾಬಾಯಿ ಗೋಪುರ. ಅದರ ಮಗ್ಗುಲಿಗೆ, ಅದರಂತೆಯೇ 1878ರಲ್ಲಿ ಕಟ್ಟಿ ಮುಗಿದ ಹಾಯಕೋರ್ಟಿನ ಕಲ್ಲುಕಟ್ಟಡ. ಓದು ಬಾರದವನಿಗೆ ಆ ಗೋಪುರವೇ ಬೋರ್ಡು. ಪ್ರೇಮಚಂದ ರಾಯಚಂದ ಶೇಠರು ತಾಯಿಯ ಹೆಸರಿನಲ್ಲಿ ಹಣ ಕೊಟ್ಟು ಕಟ್ಟಿಸಿದ ಗೋಪುರವದು. ಕಣ್ಣು ಕಾಣದ ಆ ತಾಯಿಗೆ ಗಂಟೆಯ ಸಪ್ಪಳದಿಂದ ಹೊತ್ತು ತಿಳಿಯಲೆಂದು ಕಟ್ಟಿಸಿದರೆಂಬ ಐತಿಹ್ಯವೂ ಇದೆ. ನಾಲಗೆಯಿಲ್ಲದ ಎಷ್ಟು ಕಕ್ಷಿದಾರರಿಗೆ ಅದು ದಾರಿ ತೋರಿಸಿತೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಭಾಷೆಯಿಲ್ಲದೆ ನಡೆಯುವವನಿಗೆ ಮೊದಲು ಬೇಕಾದುದು ಮಾತಲ್ಲ, ಅಂಕೆ. ನಮ್ಮ ಕನ್ನಡದ ಎರಡು, ಮೂರು, ನಾಲ್ಕು ಎಂಬ ಅಂಕೆಗಳಿಗೂ ಮರಾಠಿಯವರ ಬಾಳಬೋಧ ಅಂಕೆಗಳಿಗೂ ಮುಖಸಾಮ್ಯವುಂಟು; ಎರಡೂ ಒಂದೇ ಬ್ರಾಹ್ಮಿಯ ಮಕ್ಕಳು. ಐದಕ್ಕೆ ಬಂದಾಗ ದಾರಿಗಳು ಬೇರೆಯಾಗುತ್ತವೆ, ಅಲ್ಲಿಂದಲೇ ನಮ್ಮವನ ಫಜೀತಿ. ಎರಡನೆಯದಾಗಿ, ಇಳಿದುಕೊಂಡ ಸ್ಥಳದ ಹೆಸರನ್ನು ಆ ಊರಿನ ಲಿಪಿಯಲ್ಲಿಯೇ ಬರೆಯಿಸಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವದು. ಮೂರನೆಯದು ಅನೇಕರಿಗೆ ತೋಚುವದಿಲ್ಲ: ಒಂದು ದಾರಿಯತ್ತ ಬೆರಳು ತೋರಿಸಿ "ಸ್ಟೇಶನ್ನು?" ಎಂದು ಕೇಳಬಾರದು. ಕೇಳಿಸಿಕೊಂಡವನು ಮರ್ಯಾದೆಗಾಗಿ ತಲೆಯಾಡಿಸುತ್ತಾನೆ. ಬಲ್ಗೇರಿಯಾದಲ್ಲಿ ನಾವು 'ಇಲ್ಲ'ವೆಂದು ತಲೆ ಅಲ್ಲಾಡಿಸುವ ರೀತಿಗೆ 'ಹೌದು' ಎಂಬ ಅರ್ಥವಿದೆ. ನಮ್ಮ ಓರೆಯಾಗಿ ತೂಗುವ ತಲೆಯನ್ನು ನೋಡಿ ಪರದೇಶದವರು ಪಡುವ ಗಲಿಬಿಲಿಯೂ ಪ್ರಸಿದ್ಧವೇ. ಸ್ಥಳದ ಹೆಸರನ್ನಷ್ಟೇ ಹೇಳಿ ಸುಮ್ಮನಿದ್ದರೆ ಎದುರಿನವನ ಕೈ ತಾನಾಗಿಯೇ ಮೇಲೇಳುವದು. ಟೋಕಿಯೋದಲ್ಲಿ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ಮನೆಗಳ ಸಂಖ್ಯೆಯು ಬೀದಿಯನ್ನಲ್ಲ, ಕೇರಿಯ ತುಂಡನ್ನು ಅನುಸರಿಸುತ್ತದೆ. ಅಲ್ಲಿ ಜಪಾನೀಯರೇ ಒಬ್ಬರಿಗೊಬ್ಬರು ನಕಾಶೆ ಬರೆದು ತೋರಿಸುವದುಂಟು, ಚೌಕಿಯ ಪೋಲೀಸರನ್ನು ಕೇಳುವದುಂಟು. ಅಂತಹ ಊರಿನಲ್ಲಿ ಭಾಷೆ ಬಲ್ಲವನಿಗೂ ಬಾರದವನಿಗೂ ಅಂತರವು ನಾವು ತಿಳಿದಷ್ಟು ದೊಡ್ಡದಲ್ಲ.

ನಮ್ಮ ನಾಲ್ಕು ಊರುಗಳಲ್ಲಿ ಸವಣೂರಿನವರಿಗೆ ಮಾತ್ರ ಒಂದು ಅನುಕೂಲವಿದ್ದಿತು. ಅಲ್ಲಿಯ ಪೇಟೆಯಲ್ಲಿ ದಖನಿ ಉರ್ದು ಕಿವಿಗೆ ಬಿದ್ದು ಬೆಳೆದವನನ್ನು ಮುಂಬಯಿಯ ಬಜಾರದ ಹಿಂದುಸ್ತಾನಿಯು ಪೂರ್ತಿಯಾಗಿ ಕೈಬಿಡುತ್ತಿರಲಿಲ್ಲ. ಅದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಆ ಅನುಭವವನ್ನು 'ಸಮುದ್ರದಾಚೆಯಿಂದ' ಎಂಬ ಪುಸ್ತಕದಲ್ಲಿ ಕನ್ನಡಿಗರಿಗೆ ಕೊಟ್ಟರು. ಆದರೆ ಅವರು ಆ ಊರಿನ ಭಾಷೆಯನ್ನು ಊರಿಗಿಂತ ಮೊದಲೇ ಗೆದ್ದುಕೊಂಡವರು. ನಾವು ಹೇಳುತ್ತಿರುವದು ಬರಿಗೈಯಿಂದ ಹೋದವರ ಮಾತು. ಮುಂದೆ ಮಾಟುಂಗದ ಕಡೆಗೆ ಉಡುಪಿಯವರ ಊಟದ ಮನೆಗಳು ಎದ್ದ ಮೇಲೆ ಮುಂಬಯಿಯಲ್ಲಿ ಕನ್ನಡವು ಕೇಳಬಂದಿತು, ನಿಜ. ಆದರೆ ಕೋಟೆಯ ಭಾಗದಿಂದ ಮಾಟುಂಗವು ದೂರ. ಹೋದರೂ 'ಎಂಥದು ಮಾರಾಯ್ರೆ' ಎಂಬ ಕನ್ನಡವು 'ಏನ್ರೀ' ಎನ್ನುವವನಿಗೆ ಅರ್ಧ ತಾಯಿಯ ಮಾತು, ಅರ್ಧ ಬೀಗರ ಮಾತು. ಹಸಿದವನು ಅದನ್ನು ಎಣಿಸಲಿಲ್ಲವೆನ್ನಿರಿ.

ನಡೆಯುವವರ ಮಾತು ಬಂದಾಗ ನೆರೆಯ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನನ್ನು ನೆನೆಯದೆ ಇರಲಾಗದು. 1911ರಲ್ಲಿ ಹುಟ್ಟಿದ ಈ ತರುಣನು 1930ರ ಮಾರ್ಚಿಯಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಾಂಡಿಗೆ ಹೊರಟ ತಂಡದಲ್ಲಿ ಕರ್ನಾಟಕದ ಏಕೈಕ ಸತ್ಯಾಗ್ರಹಿಯಾಗಿದ್ದನು. 24 ದಿನ, 241 ಮೈಲು. ನಡಿಯಾದ, ಭರೂಚ, ಸುರತ, ನವಸಾರಿ. ದಾರಿಯ ಒಂದು ಊರೂ ಕನ್ನಡದ್ದಲ್ಲ. 1943ರ ಎಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕನ್ನಡ ನೆಲದಲ್ಲಿಯೇ, ಗುಂಡಿಗೆ ಬಲಿಯಾದನು. ಅವನೂ ಪರಭಾಷೆಯ ನಾಡಿನಲ್ಲಿ ನಡೆದನು, ದಾವೆಯ ಕಾಗದ ಹಿಡಿದವನೂ ನಡೆದನು. ಒಬ್ಬನು ತಾನಾಗಿ ಹೊರಟವನು. ಇನ್ನೊಬ್ಬನನ್ನು ಸರಕಾರದ ವ್ಯವಸ್ಥೆಯು ಹೊರಡಿಸಿತು. ನಮ್ಮ ಇಡೀ ವಾದವು ಈ ಭೇದದ ಮೇಲೆಯೇ ನಿಂತಿದೆ. ಸ್ವೇಚ್ಛೆಯಿಂದ ಹೋದವನಿಗೆ ಮಾತು ತಿಳಿಯದಿರುವದು ಒಂದು ಸುಖ: ಅವನು ಕಿವಿಯನ್ನು ಬದಿಗಿಟ್ಟು ಕಣ್ಣಿನಿಂದ ಊರನ್ನು ಓದುತ್ತಾನೆ. ನ್ಯಾಯ ಕೇಳಲು ಹೋದವನಿಗೆ ಅದೇ ಒಂದು ಅಪಮಾನ.

ಆ ಅಪಮಾನವು 1956ರಲ್ಲಿ ತೀರಿತೆಂದು ಕೆಲವರು ಹೇಳುತ್ತಾರೆ. ಬಹುಭಾಗ ತೀರಿತು, ಸಂದೇಹವಿಲ್ಲ. 1997ರಲ್ಲಿ ಹಾವೇರಿಯೇ ಜಿಲ್ಲೆಯಾಗಿ ಕಲೆಕ್ಟರರ ಕಚೇರಿಯು ಹತ್ತಿರ ಬಂದಿತು. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಬಂದು 2013ರಲ್ಲಿ ಖಾಯಮಾಯಿತು. ಹಿರೇಕೆರೂರಿನ ರೈತನು ಇಂದು ಬೆಳಗಿನ ಬಸ್ಸು ಹಿಡಿದು ಧಾರವಾಡದಲ್ಲಿ ಇಳಿದರೆ ಚಹದ ಅಂಗಡಿಯವನೂ, ವಕೀಲರ ಗುಮಾಸ್ತನೂ ಅವನದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಆದರೆ ನ್ಯಾಯಪೀಠದ ಮುಂದೆ ಅವನ ಹೊಲದ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದ ಭಾಷೆಯು ಇಂಗ್ಲಿಷು. ರಾಷ್ಟ್ರಪತಿಗಳ ಪೂರ್ವಸಮ್ಮತಿಯಿಂದ ರಾಜ್ಯಪಾಲರು ರಾಜ್ಯದ ಭಾಷೆಗೆ ಅನುಮತಿ ಕೊಡಬಹುದೆಂದು ಅದೇ ಅನುಚ್ಛೇದವು ಹೇಳುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಈ ಅವಕಾಶವು ದೊರೆತಿದೆ. ಕನ್ನಡಕ್ಕೆ ದೊರೆತಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಒಂದು ಪೀಠವು ಕನ್ನಡದಲ್ಲಿ ತೀರ್ಪನ್ನು ಕೊಟ್ಟಾಗ ಅದು ಸುದ್ದಿಯಾಯಿತು. ಸುದ್ದಿಯಾಗುವಷ್ಟು ಅಪರೂಪವೆಂಬುದೇ ನಮ್ಮ ದುಃಖ. ಪರಭಾಷೆಯ ಪಟ್ಟಣವು ಮುಂಬಯಿಯಿಂದ ಎದ್ದು ಬಂದು ಧಾರವಾಡದ ಒಂದು ಕೋಣೆಯಲ್ಲಿ ಕುಳಿತಿದೆ. ಅಲ್ಲಿ ಗೋಪುರವನ್ನು ನೋಡಿ ದಾರಿ ಹಿಡಿಯುವಂತಿಲ್ಲ.

ಇದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಕಾಗುತ್ತದೆ. ಶಿಗ್ಗಾಂವಿಯ ಹೆದ್ದಾರಿಯ ಬದಿಗೆ ಇಂದು ಬಿಹಾರದ, ಒಡಿಸ್ಸಾದ ಕೂಲಿಗಳು ಇಳಿಯುತ್ತಾರೆ. ಹಾನಗಲ್ಲಿಗೆ ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ನೋಡಲು ಪರದೇಶದವರು ಬರುತ್ತಾರೆ. ಎರಡನೆಯವರು ಹವ್ಯಾಸಿಗಳು, ಕೈಯಲ್ಲಿ ತರ್ಜುಮೆಯ ಫೋನುಳ್ಳವರು. ಅವರು ಸ್ವಲ್ಪ ದಾರಿ ತಪ್ಪಿದರೆ ಊರಿಗೆ ಹೋಗಿ ಹೇಳಲು ಒಂದು ಕಥೆಯಾಗುತ್ತದೆ. ಮೊದಲನೆಯವರು ಹೊಟ್ಟೆಗಾಗಿ ಬಂದವರು, ಬೋರಿಬಂದರದಲ್ಲಿ ಇಳಿದ ನಮ್ಮ ಅಜ್ಜನ ದಾಯಾದಿಗಳು. ನಮ್ಮ ಹಳ್ಳಿಯ ಬಸ್ಸುಗಳ ಬೋರ್ಡು ಬಹುಮಟ್ಟಿಗೆ ಕನ್ನಡದಲ್ಲಿಯೇ ಇರುತ್ತದೆ. ಇರತಕ್ಕದ್ದೇ, ಅದರ ಒಂದಕ್ಷರವನ್ನು ಅಳಿಸಲೂ ನಾವು ಒಪ್ಪೆವು. ಆದರೆ ಪ್ರತಿಯೊಂದು ಮಾರ್ಗಕ್ಕೆ ಒಂದು ಸಂಖ್ಯೆಯನ್ನು ಗೊತ್ತುಮಾಡಿ ಆ ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ ಬರೆಯಿಸಿದರೆ ಕನ್ನಡಕ್ಕೆ ಯಾವ ಕುಂದು? ಅಂಕೆಯನ್ನು ಓದಬಲ್ಲ, ಅಕ್ಷರವನ್ನು ಓದಲಾರದ ನಮ್ಮ ಮುದುಕಿಯರಿಗೂ ಅದು ಒದಗುವದು. ಖರ್ಚೆಂದರೆ ಒಂದು ಡಬ್ಬಿ ಬಣ್ಣ ಮತ್ತು ಪೇಂಟರನ ಒಂದು ದಿನದ ಕೂಲಿ. ಹಾನಗಲ್ಲಿನಿಂದ ಶಿಗ್ಗಾಂವಿ, ಸವಣೂರುಗಳಿಗೆ ಹೋಗುವ ಬಸ್ಸುಗಳಿಂದಲೇ ಇದನ್ನು ಆರಂಭಿಸಬಹುದು.