ಏನ್ ಕಳಕೊಂಡೀರಿ?

ನಮ್ಮ ಕಡೆ ಹೆಣ್ಣುಮಗಳು ಹೊಸ್ತಿಲು ದಾಟಿದಳೆಂದರೆ ಅವಳ ಕೈಯಲ್ಲಿ ಏನಾದರೊಂದು ಇರಲೇಬೇಕು. ಕಾಯಿಪಲ್ಯದ ಚೀಲ, ಉಡಿ ತುಂಬುವ ಸಾಮಾನು, ಮೊಮ್ಮಗನ ಕೈ, ದವಾಖಾನೆಯ ಚೀಟಿ, ಕೊನೆಗೆ ಗಿರಣಿಗೆ ಒಯ್ಯುವ ಹಿಟ್ಟಿನ ಡಬ್ಬಿಯಾದರೂ ಸೈ. ಕೈ ಖಾಲಿ ಇದ್ದರೆ ಓಣಿಯ ಕಣ್ಣೆಲ್ಲ ಅವಳ ಮೇಲೆ. ಗಂಡಸು ಕೈ ಬೀಸಿಕೊಂಡು ಹೊರಟರೆ ‘ವಾಕಿಂಗ್ ಹೊಂಟಾರ’ ಎನ್ನುತ್ತಾರೆ. ನಾವು ಹೊರಟರೆ ‘ಎಲ್ಲಿಗೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ‘ಸುಮ್ಮನೆ’ ಎಂಬುದು ಉತ್ತರವೇ ಅಲ್ಲವೆಂದು ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಜಗಳವೆಲ್ಲ ಆ ಒಂದು ‘ಸುಮ್ಮನೆ’ಗಾಗಿ.

ಮೊದಲು ನನ್ನ ತಪ್ಪೊಪ್ಪಿಗೆ. ರಾಣೆಬೆನ್ನೂರಿಗೆ ಸೊಸೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ನಾನು ದೇವರಗುಡ್ಡದ ಮಾಲತೇಶನಿಗೆ ಇಲ್ಲದ ಹರಕೆಗಳನ್ನು ಹೊತ್ತಿದ್ದೇನೆ. ಮಗನ ಜ್ವರ, ಮಗಳ ಪರೀಕ್ಷೆ, ಯಜಮಾನರ ಬಡ್ತಿ, ಯಾವುದೂ ಬಾಕಿ ಉಳಿಯಲಿಲ್ಲ. ದೇವರ ಮೇಲೆ ಭಕ್ತಿಯಿಲ್ಲವೆಂದಲ್ಲ. ಆದರೆ ನನಗೆ ಬೇಕಾಗಿದ್ದದ್ದು ಗುಡ್ಡ. ದಸರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ದಿನ ಊರಿಗೆ ಊರೇ ಹೋಗುತ್ತದೆ, ಅಂದು ಹೆಂಗಸರನ್ನು ಯಾರೂ ಏನೂ ಕೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಜಾತ್ರೆಯಿಲ್ಲದ ಒಂದು ಬರಿಯ ಮಂಗಳವಾರ, ಖಾಲಿ ಮೆಟ್ಟಿಲು, ಮೇಲೆ ನಿಂತರೆ ಮುಖಕ್ಕೆ ಬಡಿಯುವ ಗಾಳಿ. ಗಾಳಿಗಾಗಿ ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ. ಅವನು ಕ್ಷಮಿಸಿರಬಹುದು. ನನಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ, ಅವನ ಮೇಲಲ್ಲ.

ನಮ್ಮ ಅತ್ತೆಯವರ ಕತೆ ಕೇಳಿ. ಮದುವೆಯಾಗಿ ಬಂದಾಗಿನಿಂದ ಕಣ್ಣು ಮುಚ್ಚುವವರೆಗೆ ಅವರು ಇದೇ ಊರಿನಲ್ಲಿ ಬಾಳಿದರು. ಕೃಷ್ಣಮೃಗ ಬೇಟೆಯಾಡಿದನೆಂದು ಸಿನಿಮಾ ನಟನೊಬ್ಬನ ಮೇಲೆ 1998ರಲ್ಲಿ ರಾಜಸ್ಥಾನದಲ್ಲಿ ಮೊಕದ್ದಮೆ ಬಿತ್ತಲ್ಲ, ಆ ಸುದ್ದಿ ಬಂದಾಗ ಟೀವಿಯಲ್ಲಿ ಆ ಪ್ರಾಣಿಯನ್ನು ತೋರಿಸಿದರು. ‘ಎಷ್ಟ್ ಚಂದ ಐತಿ, ಇಂಥಾವು ಯಾವ ದೇಶದಾಗ ಇರತಾವ?’ ಎಂದು ಕೇಳಿದರು ಅತ್ತೆ. ನಮ್ಮ ಮನೆಯಿಂದ ಅರ್ಧ ತಾಸಿನ ದಾರಿಯಲ್ಲಿ ಇದ್ದವು! ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತಾರ 119 ಚದರ ಕಿಲೋಮೀಟರ್. ಕುರುಚಲು ಗಿಡ, ನೀಲಗಿರಿ ನೆಡುತೋಪು, ನಡುನಡುವೆ ಬಯಲು. ಒಂದು ಕಾಲಕ್ಕೆ ಎರೆಭೂತ ಹಕ್ಕಿಗೂ ಹೆಸರಾಗಿತ್ತು, ಆ ಹಕ್ಕಿಯನ್ನು ಈಗ ಹಳಬರ ಮಾತಿನಲ್ಲಷ್ಟೇ ನೋಡಬೇಕು. ಅತ್ತೆಯವರಿಗೆ ಕಾಶಿ ಆಯಿತು, ಶ್ರೀಶೈಲ ಆಯಿತು, ಎರಡು ಸಲ ಧರ್ಮಸ್ಥಳವೂ ಆಯಿತು. ಅರ್ಧ ತಾಸಿನ ದಾರಿಯ ಜಿಂಕೆಯನ್ನು ನೋಡದೆಯೇ ಹೋದರು. ಅದನ್ನು ನೋಡಿದರೆ ಪುಣ್ಯ ಬರುತ್ತದೆಂದು ಯಾವ ಪುರಾಣವೂ ಹೇಳಿರಲಿಲ್ಲ, ಅಷ್ಟೇ ಕಾರಣ. ನಾನಾದರೂ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ನನಗಾಗ ಧೈರ್ಯವಿರಲಿಲ್ಲ.

ಅವರು ತೀರಿಕೊಂಡ ಮೇಲೆ ಒಂದು ಮುಂಜಾನೆ ನಾನು ಹೋದೆ. ಕೃಷ್ಣವೆಂಬ ಬಣ್ಣವೂ ತಿರುಚಿದ ಕೊಂಬೂ ಗಂಡಿಗೆ ಮಾತ್ರ, ಹೆಣ್ಣು ಕಂದು ಬಣ್ಣದ್ದು, ಕೊಂಬಿಲ್ಲದ್ದು. ಹೆಸರು ಮಾತ್ರ ಗಂಡಿನದೇ ಇಟ್ಟರು ನೋಡಿ. ಆ ಹೆಣ್ಣುಗಳು ಏಳೆಂಟು ಕೂಡಿ ಬಯಲಲ್ಲಿ ನಡೆದಿದ್ದವು. ಎಲ್ಲಿಗೆಂದು ಅವುಗಳನ್ನು ಯಾರೂ ಕೇಳುತ್ತಿರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವೆಂದರು. ಆಮೇಲೆ ಕೇಳಿದ ಕುಹಕಗಳನ್ನು ನೀವೂ ಕೇಳಿದ್ದೀರಿ. ‘ಮನೀ ಬಿಟ್ಟು ಊರು ತಿರಗಾಕ ಹತ್ಯಾರ’, ‘ಕೆಲಸಿಲ್ಲ, ಬೊಗಸಿಲ್ಲ’. ಬಸ್ಸಿನಲ್ಲಿ ನನ್ನ ಹಿಂದೆ ಕುಳಿತ ಹಿರಿಯರೊಬ್ಬರು ಇಡೀ ದಾರಿ ಇದನ್ನೇ ಜಪಿಸಿದರು. ಇಳಿಯುವಾಗ ಕೇಳಿದೆ, ‘ನೀವು ಯಾವ ಕೆಲಸಕ್ಕ ಹೊಂಟೀರಿ ಯಜಮಾನ್ರ?’ ‘ಹಿಂಗಽ, ಗೆಳೆಯಾನ ಊರಿಗೆ’ ಎಂದರು. ಅವರ ‘ಹಿಂಗಽ’ ಊರ್ಜಿತ, ನಮ್ಮ ‘ಸುಮ್ಮನೆ’ ಅಪರಾಧ! ಹೆಂಗಸರು ತಿರುಗುತ್ತಿದ್ದಾರೆಂದು ಹೇಳುವವರಿಗೆ ನನ್ನದೊಂದೇ ಮಾತು: ಹೌದು, ತಿರುಗುತ್ತಿದ್ದೇವೆ. ಇಷ್ಟು ವರ್ಷ ತಿರುಗದೆ ಇದ್ದದ್ದಕ್ಕೆ ಯಾರು ಲೆಕ್ಕ ಕೊಡುತ್ತಾರೆ?

ಆದರೆ ನನ್ನ ತಕರಾರು ನಮ್ಮ ಮೇಲೂ ಇದೆ. ಬಸ್ಸು ಬಿಟ್ಟಿಯಾದ ಮೇಲೂ ನಾವು ಹೋದದ್ದು ಎಲ್ಲಿಗೆ? ಮತ್ತೆ ಗುಡಿಗೆ, ತವರಿಗೆ, ಸೀಮಂತಕ್ಕೆ. ತಪ್ಪೆಂದು ಹೇಳುತ್ತಿಲ್ಲ. ಬಾಗಿಲು ತೆರೆದ ಮೇಲೂ ಪಂಜರದ ಗಿಳಿ ಅದೇ ಕೋಲಿನ ಮೇಲೆ ಕೂತಂತಾಯಿತಲ್ಲ ಎಂಬ ಸಂಕಟ.

ಮಗಳು ಬೆಂಗಳೂರಿನಿಂದ ಒಂದು ಇಂಗ್ಲಿಷ್ ಪುಸ್ತಕದ ವಿಷಯ ಹೇಳಿದಳು. ಅಲಸ್ಟೇರ್ ಹಂಫ್ರೀಸ್ ಎಂಬ ಇಂಗ್ಲೆಂಡಿನವನು ನಾಲ್ಕು ವರ್ಷ ಸೈಕಲ್ಲಿನ ಮೇಲೆ ಜಗತ್ತು ಸುತ್ತಿ ಬಂದು, ಆಮೇಲೆ 2014ರಲ್ಲಿ ಬರೆದದ್ದಂತೆ. ಸಾಹಸಕ್ಕೆ ಹಿಮಾಲಯ ಬೇಡ, ಮನೆಯ ಹತ್ತಿರದ ಗುಡ್ಡ ಸಾಕು. ಕಚೇರಿ ಒಂಬತ್ತರಿಂದ ಐದು, ಹಾಗಾದರೆ ಸಂಜೆ ಐದರಿಂದ ಮುಂಜಾನೆ ಒಂಬತ್ತರವರೆಗಿನ ಹದಿನಾರು ತಾಸು ನಿಮ್ಮದೇ. ಹೋಗಿ, ಬಯಲಲ್ಲಿ ಮಲಗಿ, ಎದ್ದು ಬನ್ನಿ ಎನ್ನುತ್ತಾನೆ. ಕೇಳಿ ಖುಷಿಯಾಯಿತು. ಮರುಕ್ಷಣವೇ ನಗು ಬಂತು. ಸ್ವಾಮಿ, ಆ ಐದರಿಂದ ಒಂಬತ್ತರಲ್ಲೇ ನಮ್ಮ ಕಚೇರಿ ಇರುವುದು! ದೀಪ ಹಚ್ಚುವುದು, ರೊಟ್ಟಿ ಬಡಿಯುವುದು, ಹಾಸಿಗೆ ಹಾಸುವುದು, ಹಾಲು ಹೆಪ್ಪು ಹಾಕುವುದು, ನಳ ಬಂದರೆ ನಡುರಾತ್ರಿ ಏಳುವುದು, ಮುಂಜಾನೆ ಡಬ್ಬಿ ಕಟ್ಟುವುದು. ದುಡಿಯುವ ಹೆಣ್ಣುಮಕ್ಕಳಿಗಂತೂ ಎರಡೂ ಪಾಳಿ. ಗಂಡಸಿನ ಬಿಡುವನ್ನೆಲ್ಲ ಹೆಂಗಸು ತನ್ನ ಕೆಲಸದಿಂದ ಹೊಲಿದು ಕೊಟ್ಟಿರುತ್ತಾಳೆ, ಪುಸ್ತಕ ಬರೆಯುವವನಿಗೆ ಆ ಹೊಲಿಗೆ ಕಾಣುವುದಿಲ್ಲ.

‘ನಾವೇ ಕಾರಿನಲ್ಲಿ ಕರಕೊಂಡು ಹೋಗ್ತೀವಲ್ಲ’ ಎನ್ನುವವರಿದ್ದಾರೆ. ಆ ಪಿಕ್‌ನಿಕ್ಕೂ ಗೊತ್ತು. ಹಿಂದಿನ ದಿನವೇ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ, ಮೊಸರನ್ನ ಮಾಡಿಕೊಂಡು, ಹೊಳೆ ದಂಡೆಯಲ್ಲಿ ಪಂಕ್ತಿ ಹಾಕಿ ಬಡಿಸಿ, ಪಾತ್ರೆ ಒರೆಸಿಕೊಂಡು ಬರುವುದು. ಅಡಿಗೆಮನೆಗೆ ನಾಲ್ಕು ಗಾಲಿ ಬಂದವೇ ಹೊರತು ನಾವು ಹೊರಗೆ ಹೋಗಲಿಲ್ಲ.

ಇನ್ನು ಭಯದ ಮಾತು. ಭಯ ಸುಳ್ಳೆಂದು ನಾನು ಹೇಳಲಾರೆ. ಪತ್ರಿಕೆ ಓದುವ ಯಾವ ತಾಯಿಯೂ ಹೇಳಲಾರಳು. ಶೌಚಕ್ಕೆ ಒಂದು ಮರೆಯಿಲ್ಲದ ಜಾಗಕ್ಕೆ ಹೋಗುವುದೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವವರು ನಾವು. ಇದು ನಗುವ ಮಾತಲ್ಲ. ಆದರೆ ಮನೆಯಲ್ಲೇ ಕೂತರೆ ಬಯಲು ಸುರಕ್ಷಿತವಾಗುವುದೇ? ನಾಲ್ಕು ಹೆಂಗಸರು ನಡೆದು ಹೋಗುವ ದಾರಿ ಐದನೆಯವಳಿಗೆ ಸ್ವಲ್ಪ ಕಡಿಮೆ ಭಯದ್ದಾಗುತ್ತದೆ. ಶಿಕಾರಿಪುರದ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕನ ಪಟ ನಮ್ಮ ಪಡಸಾಲೆಯಲ್ಲಿದೆ. ಆ ಪಟಕ್ಕೆ ಹೂ ಏರಿಸಿ, ಮಗಳು ಹಿಂದಿನ ಓಣಿಗೆ ಹೊರಟರೆ ‘ಯಾರ ಜೊತಿ?’ ಎನ್ನುತ್ತೇವೆ.

ಕುಪ್ಪೇಲೂರು ನನ್ನ ತವರು. ಚಿಕ್ಕವಳಿದ್ದಾಗ ಸುಗ್ಗಿಯಲ್ಲಿ ಅಪ್ಪನ ಜೊತೆ ಕಣದಲ್ಲಿ ಮಲಗುತ್ತಿದ್ದೆ. ಜೋಳದ ರಾಶಿ, ಕಂಬಳಿಯ ವಾಸನೆ, ತಲೆಯ ಮೇಲೆ ಮುಗಿಯದಷ್ಟು ಚಿಕ್ಕೆ. ಹನ್ನೆರಡನೆಯ ವರ್ಷಕ್ಕೆ ನಾನು ದೊಡ್ಡವಳಾದೆ, ಕಣ ಬಂದಾಯಿತು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವುದು, ಪಂಚಮಿಗೆ ಜೋಕಾಲಿ ಜೀಕುವುದು ಉಳಿದವು. ಜೋಕಾಲಿಯಾದರೂ ಏನು ಕಡಿಮೆ ಸಾಹಸವೇ? ನನ್ನ ಅವ್ವ ಮರದ ಟೊಂಗೆಗೆ ಕಾಲು ತಾಗಿಸಿ ಬರುತ್ತಿದ್ದಳು. ಪೇಟೆಗೆ ಬಂದ ಮೇಲೆ ಅವೂ ಹೋದವು.

ಕಳೆದ ಮಾಗಿಯಲ್ಲಿ ಓಣಿಯ ಮೂವರನ್ನು ಕೂಡಿಸಿಕೊಂಡು, ಸಂಜೆ ಐದರ ಸುಮಾರಿಗೆ ಮನೆ ಬಿಟ್ಟೆ. ಹರಕೆ ಹೇಳಲಿಲ್ಲ. ಯಜಮಾನರು ‘ಯಾಕ?’ ಎಂದರು. ‘ಸುಮ್ಮನ’ ಎಂದೆ. ಅವರು ಪೇಪರು ಮಡಿಚಿ ನನ್ನ ಮುಖ ನೋಡಿದರು, ಜ್ವರ ಬಂದಿದೆಯೋ ಎಂಬಂತೆ. ಕುಪ್ಪೇಲೂರಿನಲ್ಲಿ ತಮ್ಮನದು ಬೇರೆ ಹಟ. ‘ಮನ್ಯಾಗ ಫ್ಯಾನ್ ಐತಿ, ಮಂಚ ಐತಿ, ಕಣದಾಗ ಯಾಕ ಮಲಗತೀರಿ? ಊರ ಮಂದಿ ನನಗ ಏನಂದಾರು?’ ಕೊನೆಗೆ ಅವನ ಮಗ ಕಾವಲಿಗೆ ಬರಬೇಕೆಂಬ ಕರಾರಿನ ಮೇಲೆ ಒಪ್ಪಿದ. ಕರಾರಿಗೆ ಒಪ್ಪಿದ್ದು ನನಗೆ ಸೋಲೇ, ಅದನ್ನು ಮುಚ್ಚಿಡುವುದಿಲ್ಲ. ಆ ಹುಡುಗ ಒಂಬತ್ತಕ್ಕೆ ಮಲಗಿದವನು ಮುಂಜಾನೆಯವರೆಗೂ ಏಳಲಿಲ್ಲ. ಅವನನ್ನು ನಾವೇ ಕಾದೆವು.

ಈಗಿನದು ಸಗಣಿ ಸಾರಿಸಿದ ಕಣವಲ್ಲ, ತಾಡಪತ್ರಿಯ ಮೇಲೆ ಗೋವಿನಜೋಳ ಹರವಿದ ಜಾಗ. ಅದರ ಬದಿಗೆ ಕೌದಿ ಹಾಸಿಕೊಂಡೆವು. ಬುತ್ತಿ ಅವರವರದೇ, ಯಾರೂ ಯಾರಿಗೂ ಬಡಿಸಲಿಲ್ಲ. ಟಿಟ್ಟಿಭ ಹಕ್ಕಿಯೊಂದು ಕತ್ತಲಲ್ಲಿ ಕೂಗುತ್ತ ಹಾರಿತು, ದೂರದಲ್ಲಿ ನರಿ ಊಳಿಟ್ಟವು. ನೆತ್ತಿಯ ಮೇಲೆ ಕೃತ್ತಿಕೆ, ಅದರ ಹಿಂದೆಯೇ ಮೃಗಶಿರ. ನಮ್ಮಲ್ಲೊಬ್ಬರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಒಮ್ಮೆಲೇ ಅಳಲು ಶುರು ಮಾಡಿದರು. ಏನಾಯಿತೆಂದರೆ, ‘ಏನಿಲ್ಲ, ಇಷ್ಟ್ ದಿನ ಇವು ಇಲ್ಲೇ ಇದ್ದುವಲ್ಲಾ’ ಎಂದರು.

ರಾತ್ರಿ ಎರಡರ ಸುಮಾರಿಗೆ ಕರೆಂಟು ಬಂತು. ಪಂಪು ಹಚ್ಚಲು ಹೊರಟ ರೈತನೊಬ್ಬ ಬ್ಯಾಟರಿ ಬೆಳಕು ನಮ್ಮ ಮೇಲೆ ಹಾಯಿಸಿ ಬೆಚ್ಚಿ ನಿಂತ.

‘ಯಾರವ್ವಾ ಅಲ್ಲೆ? ಏನ್ ಕಳಕೊಂಡೀರಿ?’

‘ಏನೂ ಇಲ್ಲಪಾ, ಸುಮ್ಮನ ಬಂದೀವಿ.’

ಆತ ಸ್ವಲ್ಪ ಹೊತ್ತು ಯೋಚಿಸಿದ. ‘ಥಂಡಿ ಭಾಳ ಐತಿ, ಬೆಂಕಿ ಮಾಡ್ಕೊಳ್ರಿ’ ಎಂದು ಹೇಳಿ ಹೊಲದ ಕಡೆ ನಡೆದ.

ಮುಂಜಾನೆ ಕೌದಿಗಳೆಲ್ಲ ಇಬ್ಬನಿಗೆ ತೊಯ್ದಿದ್ದವು. ಬಸ್ಸು ಹಿಡಿದು ಮನೆ ಸೇರಿದಾಗ ಒಂಬತ್ತಕ್ಕೆ ಹತ್ತು ನಿಮಿಷ. ಯಜಮಾನರು ಉಪ್ಪಿಟ್ಟು ಮಾಡಿಕೊಂಡಿದ್ದರು. ಉಪ್ಪು ಹಾಕಿರಲಿಲ್ಲ, ಆದರೂ ತಿಂದಿದ್ದರು.

ಮುಂದಿನ ಸಲ ಚೌಡಯ್ಯದಾನಪುರ, ಮುಕ್ತೇಶ್ವರ ಗುಡಿಯ ಹತ್ತಿರದ ತುಂಗಭದ್ರೆಯ ದಂಡೆ. ಗುಡಿಗೆಂದು ಹೇಳುವುದಿಲ್ಲ, ದಂಡೆಗೆಂದೇ ಹೇಳುವುದು. ಪಕ್ಕದ ಮನೆಯವರೊಬ್ಬರು ತಾವೂ ಬರುತ್ತೇನೆಂದಿದ್ದಾರೆ. ಮನೆಯಲ್ಲಿ ಏನು ಹೇಳಿ ಬರಲೆಂದು ನಿನ್ನೆಯಿಂದ ಮೂರು ಸಲ ಕೇಳಿ ಹೋದರು.