ವಿದ್ಯಾರ್ಥಿವೇತನವೆಂಬ ದಾರಿಬುತ್ತಿ

ನಾವು ದಿನಬೆಳಗಾದರೆ ಬಳಸುವ ಕೆಲವು ಶಬ್ದಗಳು ತಮ್ಮ ಮೂಲಾರ್ಥವನ್ನು ಒಡಲಲ್ಲಿ ಅಡಗಿಸಿಕೊಂಡೇ ನಮ್ಮ ನಡುವೆ ಓಡಾಡುತ್ತಿರುತ್ತವೆ. ‘ಸಂಬಳ’ ಎಂಬುದು ಅಂತಹ ಒಂದು ಶಬ್ದ. ತಿಂಗಳ ಕೊನೆಗೆ ಕೈಗೆ ಬರುವ ಹಣವೆಂದೇ ಇಂದು ಎಲ್ಲರೂ ಅದನ್ನು ತಿಳಿದಿದ್ದೇವೆ. ಆದರೆ ಸಂಸ್ಕೃತದ ‘ಶಂಬಲ’ಕ್ಕೆ ಪಾಥೇಯ, ಅಂದರೆ ದಾರಿಬುತ್ತಿ ಎಂದು ಅರ್ಥ. ದೂರದ ಊರಿಗೆ ಹೊರಟವನು ಅಲ್ಲಿಗೆ ತಲಪುವವರೆಗೆ ಹಸಿದು ಕುಸಿಯದಿರಲೆಂದು ಮನೆಯವರು ಕಟ್ಟಿಕೊಡುವ ಅನ್ನವೇ ಅದು. ‘ವೇತನ’ವೆಂದರೂ ದುಡಿಮೆಗೆ ಸಲ್ಲುವ ಕೂಲಿಯೇ. ಹೀಗಿರಲು ‘ವಿದ್ಯಾರ್ಥಿವೇತನ’ ಎಂಬ ಸಮಾಸವನ್ನು ಬಿಡಿಸಿ ನೋಡಿದರೆ, ಕಲಿಕೆಯೆಂಬ ದುಡಿಮೆಯಲ್ಲಿ ತೊಡಗಿದವನಿಗೆ ಸಲ್ಲಬೇಕಾದ ಜೀವನಾಧಾರವೆಂಬ ಅರ್ಥವು ದೊರೆಯುತ್ತದೆ. ಅದರಲ್ಲಿ ಬಹುಮಾನದ ಸೋಂಕೂ ಇಲ್ಲ, ಭಿಕ್ಷೆಯ ಸೋಂಕೂ ಇಲ್ಲ.

ಪ್ರಕೃತ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಈ ಹೆಸರಿನಿಂದ ನಡೆಯುತ್ತಿರುವುದು ಬಹುಮಟ್ಟಿಗೆ ಬೇರೆಯೇ ಆಗಿದೆ. ವಾರ್ಷಿಕೋತ್ಸವದ ದಿನ ಅತ್ಯಧಿಕ ಅಂಕ ಪಡೆದವರನ್ನು ವೇದಿಕೆಗೆ ಕರೆಯುತ್ತೇವೆ, ಹಾರ ಹಾಕಿ ಲಕೋಟೆ ಕೊಡುತ್ತೇವೆ, ಛಾಯಾಚಿತ್ರ ತೆಗೆಸುತ್ತೇವೆ. ಪ್ರತಿಭೆಗೆ ಪುರಸ್ಕಾರ ಸಲ್ಲಲೇಬೇಕು, ಅದರಲ್ಲಿ ವಿವಾದವಿಲ್ಲ. ಆದರೆ ಅದು ಈಗಾಗಲೇ ಊರು ಮುಟ್ಟಿದವನಿಗೆ ಮಾಡುವ ಸ್ವಾಗತ. ದಾರಿಯಲ್ಲಿ ನಡೆಯುತ್ತಿರುವವನಿಗೆ ಬುತ್ತಿ ಕಟ್ಟುವ ಕಾರ್ಯವು ಅದರಿಂದ ಆಗುವುದಿಲ್ಲ. ಕೈಕಸುಬನ್ನು ಕಲಿಯಹೊರಟ ತರುಣ ತರುಣಿಯರ ವಿಷಯದಲ್ಲಿ ಈ ಭೇದವನ್ನು ಮರೆತರೆ ನಮ್ಮ ದಾನವು ವ್ಯರ್ಥವಾಗುತ್ತದೆ. ವೃತ್ತಿಶಿಕ್ಷಣದ ವಿದ್ಯಾರ್ಥಿವೇತನವು ತಿಂಗಳು ತಿಂಗಳು ಸಲ್ಲಬೇಕು, ಮೊದಲ ಸಂಬಳ ಕೈಸೇರುವವರೆಗೆ ಸಲ್ಲಬೇಕು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಭಾರತ ಸರ್ಕಾರವು 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದಿನ ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ನಮ್ಮ ಜನರ ಬಾಯಲ್ಲಿ ಐ.ಟಿ.ಐ.ಗಳು, ಆ ಯೋಜನೆಯ ಫಲ. ಎಸ್.ಎಸ್.ಎಲ್.ಸಿ. ಮುಗಿಸಿದ ಬಡವರ ಮಗನು ಅಲ್ಲಿ ಎರಡು ವರ್ಷ ಕಲಿತು ಫಿಟ್ಟರ್ ಅಥವಾ ಎಲೆಕ್ಟ್ರೀಷಿಯನ್ ಆಗುತ್ತಾನೆ. ಒಂದೇ ವರ್ಷದಲ್ಲಿ ವೆಲ್ಡರ್ ಆಗುವುದೂ ಉಂಟು. ಸರ್ಕಾರಿ ಐ.ಟಿ.ಐ.ಯ ಶುಲ್ಕವು ಇಂಜಿನಿಯರಿಂಗ್ ಕಾಲೇಜಿನ ಶುಲ್ಕದ ಮುಂದೆ ಅತ್ಯಲ್ಪ. ಅವನನ್ನು ತಡೆಯುವ ವಸ್ತುಗಳೇ ಬೇರೆ. ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ವೆಚ್ಚ, ಮಧ್ಯಾಹ್ನದ ಊಟ, ಕಾರ್ಯಾಗಾರದ ಉಡುಪು ಮತ್ತು ಬೂಟು, ಊರಿನಿಂದ ದೂರವಾದರೆ ಕೋಣೆಯ ಬಾಡಿಗೆ. ಇವೆಲ್ಲಕ್ಕಿಂತ ಭಾರವಾದುದು ಲೆಕ್ಕದ ಪುಸ್ತಕದಲ್ಲಿ ಕಾಣದ ಒಂದು ಬಾಬು: ಹದಿನೇಳು ವರ್ಷದ ಆ ಹುಡುಗನು ಕೂಲಿಗೆ ಹೋಗಿದ್ದರೆ ಮನೆಗೆ ತರುತ್ತಿದ್ದ ಹಣ. ಅವನು ತರಗತಿಯಲ್ಲಿ ಕುಳಿತ ಪ್ರತಿದಿನವೂ ಅವನ ಮನೆಯು ಆ ಕೂಲಿಯನ್ನು ಬಿಟ್ಟುಕೊಡುತ್ತಿರುತ್ತದೆ. ಆದುದರಿಂದಲೇ ಇಂತಹ ಹುಡುಗರು ಪರೀಕ್ಷೆಯಲ್ಲಿ ಸೋಲುವುದಕ್ಕಿಂತ ಮೊದಲೇ, ತಂದೆ ಕಾಯಿಲೆ ಬಿದ್ದ ತಿಂಗಳಲ್ಲೋ ಸುಗ್ಗಿಯ ಕೆಲಸ ಬಂದ ವಾರದಲ್ಲೋ ಸದ್ದಿಲ್ಲದೆ ಕಾಣೆಯಾಗುತ್ತಾರೆ. ಹಾಜರಿ ಪುಸ್ತಕವನ್ನು ಕಣ್ಣಿಟ್ಟು ನೋಡುವ ಯಾವ ಅಧ್ಯಾಪಕರಿಗೂ ಇದು ಹೊಸ ಸಂಗತಿಯಲ್ಲ.

ಸರ್ಕಾರದ ನೆರವು ಇಲ್ಲವೆಂದು ಹೇಳಲಾಗದು. ಕರ್ನಾಟಕ ಸರ್ಕಾರವು 2021ರಲ್ಲಿ ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿಯನ್ನು ಆರಂಭಿಸಿದ್ದು ಸ್ತುತ್ಯವಾದ ಕಾರ್ಯ. ಆಗ ಗೊತ್ತುಮಾಡಿದ ದರಗಳನ್ನು ಮಾತ್ರ ಇಲ್ಲಿ ಪರಿಶೀಲಿಸಬೇಕು. ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮಾ ಓದುವ ಹುಡುಗನಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಗೆ 3,000 ರೂಪಾಯಿ. ಪದವಿಗೆ ಕ್ರಮವಾಗಿ 5,000 ಮತ್ತು 5,500. ವೈದ್ಯಕೀಯ, ಇಂಜಿನಿಯರಿಂಗ್ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ 10,000 ಮತ್ತು 11,000. ಓದು ಮೇಲೇರಿದಂತೆ ವೇತನವೂ ಏರುವುದು ಶುಲ್ಕದ ದೃಷ್ಟಿಯಿಂದ ಸಹಜವೇ. ಹೊಟ್ಟೆಯ ದೃಷ್ಟಿಯಿಂದ ನೋಡಿದರೆ ಚಿತ್ರವು ತಲೆಕೆಳಗಾಗುತ್ತದೆ. 2,500 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 208 ರೂಪಾಯಿ ಆಗುತ್ತದೆ. ಬಿಟ್ಟುಬಂದ ಒಂದು ದಿನದ ಕೂಲಿಯನ್ನೂ ಅದು ತುಂಬಿಕೊಡಲಾರದು. ಉಳಿದುದನ್ನು ತುಂಬುವವರು ಯಾರು? ಸಮಾಜವು ತುಂಬಬೇಕು, ದಾನಿಗಳು ತುಂಬಬೇಕು.

ಈ ಕೆಲಸವು ನಮ್ಮ ನಾಡಿಗೆ ಅಪರಿಚಿತವಾದುದಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ಹೋದರು. ಅವರ ಹೆಸರಿನ ನಿಧಿಯ ನೆರವಿನಿಂದ ಉನ್ನತ ವ್ಯಾಸಂಗ ಮಾಡಿದವರು ಅನೇಕರು. ಈ ಧಾರೆಯನ್ನು ನಾವು ಚೆನ್ನಾಗಿ ಬಲ್ಲೆವು, ಅಭಿಮಾನದಿಂದ ಸ್ಮರಿಸುತ್ತೇವೆ. ಅದರ ಪಕ್ಕದಲ್ಲಿಯೇ ಇನ್ನೊಂದು ಧಾರೆಯು ಹರಿದುಬಂದಿದೆ. ಅದನ್ನು ವೃತ್ತಿಶಿಕ್ಷಣವೆಂಬ ಹೆಸರಿನಿಂದ ನಾವು ಗುರುತಿಸಿದ್ದು ಕಡಿಮೆ. ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟುಕುರುಡನಾದ ಒಬ್ಬ ಬಡ ಬಾಲಕನ ಕಂಠವನ್ನು ಕೇಳಿ ಅವನ ಸಂಗೀತಶಿಕ್ಷಣದ ಸಂಪೂರ್ಣ ಹೊಣೆಯನ್ನು ಹೊತ್ತರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅವರು ತಾವು ಪಡೆದುದನ್ನು ತಮ್ಮಂತಹ ಅಂಧರಿಗೂ ಅನಾಥರಿಗೂ ಹಂಚಿದರು. ಅವರ ತರುವಾಯ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕಾರ್ಯವನ್ನು ಬೆಳೆಸಿದರು.

ಅಲ್ಲಿ ನಡೆದ ಕ್ರಮವನ್ನು ಗಮನಿಸಬೇಕು. ಶಿಷ್ಯನಿಗೆ ಅನ್ನ, ವಸತಿ, ವಿದ್ಯೆ ಮೂರೂ ಒಂದೇ ಸೂರಿನಡಿ ದೊರೆತವು. ಅವಧಿಯನ್ನು ನಿರ್ಣಯಿಸಿದ್ದು ಕಸುಬಿನ ಪಕ್ವತೆ, ಕ್ಯಾಲೆಂಡರು ಅಲ್ಲ. ಗವಾಯಿಗಳು ನಡೆಸಿದ ನಾಟಕ ಮಂಡಳಿಯಲ್ಲಿ ಶಿಷ್ಯರಿಗೆ ಸಭೆಯ ಮುಂದೆ ಹಾಡುವ, ನುಡಿಸುವ ರೂಢಿಯಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೇ ಶಿಶಿಕ್ಷುತನ, ಅದೇ ಅಪ್ರೆಂಟಿಸ್‌ಷಿಪ್. ಜಗತ್ತು ಭಿಕ್ಷಾಪಾತ್ರೆಯನ್ನು ಕೊಡುತ್ತಿದ್ದ ಕೈಗೆ ಅಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲುಗಳು ಬಂದವು. ಅನೇಕರು ಸಂಗೀತಶಿಕ್ಷಕರಾಗಿ, ವಾದಕರಾಗಿ, ಕೀರ್ತನಕಾರರಾಗಿ ತಲೆಯೆತ್ತಿ ಬದುಕಿದರು. ಕಾಯಕವನ್ನು ಕಲಿಸುವುದೇ ದಾಸೋಹದ ಪರಮಾವಧಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದೇ ತತ್ತ್ವವು ಬೇರೆ ಕಡೆಗಳಲ್ಲಿಯೂ ಸಫಲವಾಗಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಸಹಭಾಗಿತ್ವದೊಡನೆ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಯುವಕರಿಗೆ ಊಟ ವಸತಿಗಳೊಡನೆ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುತ್ತದೆ. ಅದರ ವೈಶಿಷ್ಟ್ಯವಿರುವುದು ತರಬೇತಿಯ ಅನಂತರದ ಕ್ರಮದಲ್ಲಿ: ಕಲಿತು ಹೋದವನನ್ನು ಎರಡು ವರ್ಷಗಳವರೆಗೆ ಬೆನ್ನುಹತ್ತಿ ವಿಚಾರಿಸುವುದು, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸುವುದು, ಅಂಗಡಿಯೋ ಕಾರ್ಯಾಗಾರವೋ ನೆಲೆಗೊಳ್ಳುವವರೆಗೆ ಕೈಹಿಡಿಯುವುದು. ಈ ಮಾದರಿಯನ್ನೇ ಕೇಂದ್ರ ಸರ್ಕಾರವು ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯೂ ಗ್ರಾಮಾಂತರದ ಬಡಮಕ್ಕಳನ್ನು ಹತ್ತನೆಯ ತರಗತಿಯ ಬಳಿಕ ಸೇರಿಸಿಕೊಂಡು, ಮೂರು ವರ್ಷ ತಾನೇ ಪೋಷಿಸಿ, ಕಸುಬು ಕಲಿಸುತ್ತ ಬಂದಿದೆ. ಒಂದು ಧರ್ಮಕ್ಷೇತ್ರವೂ ಒಂದು ಮೋಟಾರು ಕಾರ್ಖಾನೆಯೂ ಬೇರೆ ಬೇರೆ ದಾರಿಯಿಂದ ಒಂದೇ ನಿರ್ಣಯಕ್ಕೆ ಬಂದಿರುವುದು ಆಕಸ್ಮಿಕವಲ್ಲ.

ಇನ್ನು ಎಲ್ಲಕ್ಕಿಂತ ಅಪಾಯದ ಘಟ್ಟವೆಂದರೆ ಪ್ರಮಾಣಪತ್ರಕ್ಕೂ ಮೊದಲ ಸಂಬಳಕ್ಕೂ ನಡುವಿನ ಕೆಲವು ತಿಂಗಳುಗಳು. ಓದು ಮುಗಿದೊಡನೆ ಬಹುಪಾಲು ವಿದ್ಯಾರ್ಥಿವೇತನಗಳು ನಿಂತುಹೋಗುತ್ತವೆ. ವೆಚ್ಚವು ಹೆಚ್ಚುವುದು ಆಗಲೇ. ಬೆಂಗಳೂರಿನ ಪೀಣ್ಯಕ್ಕೋ, ಬೆಳಗಾವಿಯ ಉದ್ಯಮಬಾಗಕ್ಕೋ, ಹುಬ್ಬಳ್ಳಿಯ ಗೋಕುಲ ರಸ್ತೆಗೋ ಹೋಗಬೇಕು. ಕೋಣೆಗೆ ಮುಂಗಡ ಕೊಡಬೇಕು. ಕೆಲಸ ಸಿಕ್ಕರೂ ತಿಂಗಳು ತುಂಬುವವರೆಗೆ ಉಣ್ಣಬೇಕು. 1961ರ ಶಿಶಿಕ್ಷು ಅಧಿನಿಯಮದಂತೆ ಅಪ್ರೆಂಟಿಸರಿಗೆ ಶಿಷ್ಯವೇತನ ಸಲ್ಲುತ್ತದೆ. 2019ರ ತಿದ್ದುಪಡಿಯು ಅದರ ಕನಿಷ್ಠ ಮಟ್ಟವನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಗೊತ್ತುಮಾಡಿತು. ಮೂವತ್ತು ಅಥವಾ ಅದಕ್ಕೆ ಮೇಲ್ಪಟ್ಟು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದನ್ನು ಕಡ್ಡಾಯವಾಗಿಸಿತು. ಇದು ದೊಡ್ಡ ಉಪಕಾರ. ಆದರೆ ಆ ಹಣವು ಬರುವುದು ಮೊದಲ ತಿಂಗಳು ಕಳೆದ ಮೇಲೆ. ಆ ಒಂದೆರಡು ತಿಂಗಳ ಆಸರೆಯಿಲ್ಲದೆ, ಎರಡು ವರ್ಷ ಕಲಿತ ಕಸುಬನ್ನು ಅಲ್ಲಿಗೇ ಬಿಟ್ಟು ಊರಿಗೆ ಹಿಂದಿರುಗಿದ ಹುಡುಗರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿಯೇ ಸಿಗುತ್ತಾರೆ. ಬುತ್ತಿಯು ಊರ ಬಾಗಿಲಲ್ಲಿ ಮುಗಿದುಹೋಯಿತು!

ಸ್ವಂತವಾಗಿ ದುಡಿಯಬಯಸುವವನಿಗೆ ಉಪಕರಣಗಳ ಚಿಂತೆ. ಕೈ ಕೆಸರಾದರೆ ಬಾಯಿ ಮೊಸರೆಂದು ಹಿರಿಯರು ಹೇಳಿದರು. ಕೈ ಕೆಸರಾಗಬೇಕಾದರೂ ಮೊದಲು ಕೈಗೊಂದು ಗುದ್ದಲಿ ಬೇಕಷ್ಟೆ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮೊದಲಾದ ಹದಿನೆಂಟು ಕಸುಬುದಾರರಿಗೆ ತರಬೇತಿಯ ದಿನಕ್ಕೆ 500 ರೂಪಾಯಿಯನ್ನೂ ಉಪಕರಣಗಳಿಗೆ 15,000 ರೂಪಾಯಿಯನ್ನೂ ಗೊತ್ತುಮಾಡಿತು. ಕಲಿಯುವ ದಿನವೂ ಕೂಲಿಯ ದಿನವೇ ಎಂಬ ಸತ್ಯವನ್ನು ಅದು ಒಪ್ಪಿಕೊಂಡಿದೆ. ನಮ್ಮ ದತ್ತಿನಿಧಿಗಳೂ ಈ ಮಾತನ್ನು ಒಪ್ಪಿಕೊಳ್ಳತಕ್ಕದ್ದು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ತಿಂಗಳು ತಿಂಗಳು ಕೊಟ್ಟ ಹಣವನ್ನು ಮನೆಯವರು ಬಳಸಿಕೊಂಡುಬಿಟ್ಟರೆ ಏನು ಗತಿ ಎಂಬುದು ಮೊದಲನೆಯದು. ಬಳಸಿಕೊಳ್ಳಲಿ, ಮಗನನ್ನು ಕೂಲಿಗೆ ಕಳುಹಿಸದಿರಲು ಆ ಮನೆಗೆ ಅದೇ ಆಧಾರವಲ್ಲವೆ? ಕೊಡುವ ಹಣಕ್ಕೆ ಹಾಜರಿಯೊಂದೇ ಕರಾರಾದರೆ ಸಾಕು. ಎರಡನೆಯ ಆಕ್ಷೇಪ ಗಂಭೀರವಾದುದು. ಬಡವರ ಮಕ್ಕಳಿಗೆ ಸುತ್ತಿಗೆ, ಉಳ್ಳವರ ಮಕ್ಕಳಿಗೆ ಲೇಖನಿ ಎಂಬ ಪಂಕ್ತಿಭೇದವನ್ನು ಇಂತಹ ವೇತನಗಳು ಗಟ್ಟಿಮಾಡುವುದಿಲ್ಲವೆ ಎಂದು ಕೇಳುವವರಿದ್ದಾರೆ. ದಾರಿಯು ಅಲ್ಲಿಗೇ ಮುಗಿದರೆ ಗಟ್ಟಿಮಾಡುವುದು ನಿಜ. ಆದರೆ ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ನೇರ ಪ್ರವೇಶದ ಬಾಗಿಲು ಉಂಟು. ಆ ಬಾಗಿಲನ್ನು ತಟ್ಟಬಯಸುವವನಿಗೂ ಬುತ್ತಿಯು ಮುಂದುವರಿಯಬೇಕು. ಹುಡುಗನಿಗೆ ಪದವಿಯ ಹಂಬಲವಿದ್ದರೆ ಅವನನ್ನು ಬಲವಂತವಾಗಿ ಕಾರ್ಯಾಗಾರಕ್ಕೆ ದೂಡುವುದು ದಾನವಾಗದು, ದಬ್ಬಾಳಿಕೆಯಾದೀತು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ರಾಜ್ಯದಲ್ಲಿ 2023ರ ಜೂನ್ ತಿಂಗಳಿನಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಅದರ ಹೆಸರು ವಿದ್ಯಾರ್ಥಿವೇತನವಲ್ಲದಿದ್ದರೂ, ತಾಲ್ಲೂಕು ಕೇಂದ್ರದ ಐ.ಟಿ.ಐ.ಗೆ ಹೋಗಬಯಸುವ ಹುಡುಗಿಗೆ ಅದು ಆ ಕೆಲಸವನ್ನೇ ಮಾಡುತ್ತದೆ. ಉಳಿದಿರುವುದು ಊರಾಚೆಯ ಕಾರ್ಖಾನೆಗೆ ಹೋಗುವವಳಿಗೆ ಸುರಕ್ಷಿತವಾದ ವಸತಿ. ಹೊಲಿಗೆಯೊಂದನ್ನೇ ಸ್ತ್ರೀಯರ ಕಸುಬೆಂದು ಭಾವಿಸುವ ಅಭ್ಯಾಸವನ್ನು ಬಿಟ್ಟು, ಎಲೆಕ್ಟ್ರಾನಿಕ್ಸ್, ಯಂತ್ರವಿನ್ಯಾಸ ಮೊದಲಾದ ಶಾಖೆಗಳಿಗೆ ಸೇರುವವರಿಗೆ ಪ್ರೋತ್ಸಾಹ ಸಲ್ಲಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ. ವರ್ಷಕ್ಕೊಮ್ಮೆ ಇಪ್ಪತ್ತುನಾಲ್ಕು ಮಕ್ಕಳಿಗೆ ಒಂದೊಂದು ಸಾವಿರ ರೂಪಾಯಿ ಕೊಡುವುದಕ್ಕೆ ಬದಲಾಗಿ, ಅದೇ 24,000 ರೂಪಾಯಿಯನ್ನು ಒಬ್ಬ ಐ.ಟಿ.ಐ. ವಿದ್ಯಾರ್ಥಿಗೆ ತಿಂಗಳಿಗೆ ಸಾವಿರದಂತೆ ಎರಡು ವರ್ಷ ಕೊಟ್ಟುನೋಡಿ. ವೇದಿಕೆಯ ಮೇಲೆ ಸಾಲು ಚಿಕ್ಕದಾದೀತು. ಒಂದು ಮನೆಯಲ್ಲಿ ಒಲೆಯು ನಿರಂತರವಾಗಿ ಉರಿದೀತು. ಅದರ ಮೇಲೆ ಉಪಕರಣಕ್ಕೊಂದಿಷ್ಟು, ಕೆಲಸಕ್ಕೆ ಸೇರಿದ ಮೊದಲ ಎರಡು ತಿಂಗಳಿಗೊಂದಿಷ್ಟು ತೆಗೆದಿರಿಸಿದರೆ ಬುತ್ತಿಯು ಪೂರ್ಣವಾಯಿತು. ಹಿರಿಯ ವಿದ್ಯಾರ್ಥಿಗಳಲ್ಲಿ ಕಾರ್ಖಾನೆ, ಗ್ಯಾರೇಜು, ಮುದ್ರಣಾಲಯಗಳನ್ನು ನಡೆಸುವವರು ಇದ್ದಾರೆ. ಅವರು ಹಣ ಕೊಡುವುದಕ್ಕಿಂತ ವರ್ಷಕ್ಕೊಬ್ಬ ಅಪ್ರೆಂಟಿಸನಿಗೆ ಸ್ಥಾನ ಕೊಟ್ಟರೆ ಉಪಕಾರವು ಇಮ್ಮಡಿಯಾಗುತ್ತದೆ. ಅಧ್ಯಾಪಕರಾದ ನಮ್ಮ ಕೆಲಸವೂ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ಮೊದಲ ಹತ್ತು ಸ್ಥಾನ ಪಡೆದವರ ಪಟ್ಟಿಯನ್ನು ಬರೆದು ತೂಗುಹಾಕುವ ನಾವು, ಮಾರನೆಯ ದಿನವೇ ಇನ್ನೊಂದು ಪಟ್ಟಿಯನ್ನು ಬರೆಯಬೇಕು. ತೇರ್ಗಡೆಯಾಗಿಯೂ ಮುಂದಕ್ಕೆ ಎಲ್ಲಿಗೂ ಸೇರದೆ ಉಳಿದವರು ಯಾರು ಎಂಬ ಪಟ್ಟಿ ಅದು. ಅದನ್ನು ತೂಗುಹಾಕಬೇಕಿಲ್ಲ, ಕೈಯಲ್ಲಿ ಹಿಡಿದು ಆ ಮಕ್ಕಳ ಮನೆಗಳಿಗೆ ಹೋಗಬೇಕು.

ವಿದ್ಯಾರ್ಥಿವೇತನವು ಫಲಿಸಿತೇ ಇಲ್ಲವೇ ಎಂಬುದನ್ನು ಹಂಚಿದ ಲಕೋಟೆಗಳ ಎಣಿಕೆಯಿಂದ ನಿರ್ಣಯಿಸಲಾಗದು. ಅದನ್ನು ಪಡೆದವನು ತನ್ನ ದುಡಿಮೆಯ ಮೊದಲ ಸಂಬಳವನ್ನು ತಾಯಿಯ ಕೈಗೆ ಇತ್ತ ದಿನ ಆ ಲೆಕ್ಕವು ಮುಗಿಯುತ್ತದೆ. ಅಲ್ಲಿಯವರೆಗೆ ಬುತ್ತಿ ಕಟ್ಟಿದವರ ಹೊಣೆಯು ತೀರಿತೆಂದು ಯಾರೂ ಭಾವಿಸದಿರಲಿ.